ಹಾಸಿಗೆ ಒದ್ದೆ ಆಗೋದು ಮಗುವಿನ ತಪ್ಪಲ್ಲ

ಆರನೇ ಕ್ಲಾಸಿನವರೆಗೂ ಹಾಸ್ಟೆಲಲ್ಲಿ ನಾನು ಹಾಸಿಗೇಲೇ ಉಚ್ಚೆ ಹೊಯ್ಕೋತಿದ್ದೆ. ಇದನ್ನ ಬರೆಯೋಕೆ ಮೂವತ್ತು ವರ್ಷ ಬೇಕಾಯ್ತು.

ಒದ್ದೆ ಜಮಖಾನ ತಲೆ ಮೇಲೆ ಹೊರಿಸಿ ಪ್ರಾರ್ಥನೆಯಲ್ಲಿ ನಿಲ್ಲಿಸ್ತಿದ್ರು. "ನಿಮ್ಮ ಕೇರಿಯವರ ಬುದ್ಧಿನೇ ಇಷ್ಟು" ಅಂತಿದ್ದ ವಾರ್ಡನ್. ಅವರ ಮನೆ ಮಗು ಹೊಯ್ದರೆ "ಪಾಪ, ಚಿಕ್ಕದು". ನಮ್ಮ ಮಗು ಹೊಯ್ದರೆ ಜಾತಿ ಗುಣ!

ಎಲ್ಲ ಬದಲಾಗಿದೆ ಅನ್ಕೊಂಡಿದ್ದೆ. ಕಳೆದ ವಾರ ಒಂದು ಹಾಸ್ಟೆಲಿಗೆ ಹೋದರೆ ಒಬ್ಬ ಹುಡುಗನಿಗೆ ಹಾಸಿಗೆಯೇ ಇಲ್ಲ, ಬರೀ ನೆಲ. ಮಧ್ಯಾಹ್ನದ ಊಟ ಆದಮೇಲೆ ಕುಡಿಯೋಕೆ ನೀರೂ ಕೊಡಲ್ವಂತೆ. 1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಕೆರೆಯ ನೀರು ಮುಟ್ಟಿದರು. ಅವರ ಫೋಟೋ ತೂಗುಹಾಕಿದ ಗೋಡೆಯ ಕೆಳಗೇ ನಮ್ಮ ಮಗು ಬಾಯಾರಿ ಮಲಗುತ್ತೆ.

ವಾರ್ಡನ್ ಸಾಹೇಬರೇ, ಸ್ವಲ್ಪ ಕೇಳಿ. ಐದು ವರ್ಷದೊಳಗೆ ಇದು ಸಹಜ. ಏಳು ವರ್ಷದ 100 ಮಕ್ಕಳಲ್ಲಿ ಸುಮಾರು 5ರಿಂದ 10 ಮಕ್ಕಳಿಗೆ ಇದು ಇರುತ್ತೆ. ಮೂತ್ರಕೋಶ ತುಂಬಿದ್ದು ಗಾಢ ನಿದ್ದೆಯಲ್ಲಿ ಮಗುವಿಗೆ ತಿಳಿಯಲ್ಲ. ಕೆಲವರಿಗೆ ರಾತ್ರಿ ಮೂತ್ರ ಕಡಿಮೆ ಮಾಡೋ ಹಾರ್ಮೋನು ಸಾಲಲ್ಲ. ಹೌದು, ವಂಶದಲ್ಲೂ ಬರುತ್ತೆ. ಬ್ರಾಹ್ಮಣರ ವಂಶದಲ್ಲೂ ಬರುತ್ತೆ!

ಮಲಬದ್ಧತೆಯೂ ಒಂದು ಕಾರಣ. ಗಟ್ಟಿಯಾದ ಮಲ ಮೂತ್ರಕೋಶವನ್ನ ಒತ್ತುತ್ತೆ. ಬಾಗಿಲಿಲ್ಲದ, ಲೈಟಿಲ್ಲದ, ಗಬ್ಬುನಾರೋ ಕಕ್ಕಸು ಕೊಟ್ಟರೆ ಮಗು ಎರಡನ್ನೂ ತಡಕೊಳ್ಳದೆ ಇನ್ನೇನು ಮಾಡುತ್ತೆ? ಕಾಯಿಲೆ ಹೆಚ್ಚಿಸೋದು ನೀವು, ಶಿಕ್ಷೆ ಮಾತ್ರ ಮಗುವಿಗೆ.

ಹೊಡೆದರೆ, ಅವಮಾನ ಮಾಡಿದರೆ ಇದು ನಿಲ್ಲಲ್ಲ, ಹೆಚ್ಚಾಗುತ್ತೆ. ಹಗಲಲ್ಲಿ ಚೆನ್ನಾಗಿ ನೀರು ಕೊಡಿ, ಮಲಗೋಕೆ ಒಂದೆರಡು ಗಂಟೆ ಮುಂಚೆ ಮಾತ್ರ ಕಡಿಮೆ ಮಾಡಿ. ಮಲಗೋ ಮುಂಚೆ ಮೂತ್ರಕ್ಕೆ ಕಳಿಸಿ. ಮಲಬದ್ಧತೆಗೆ ಔಷಧಿ ಕೊಡಿಸಿ. ಆಗಲೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಒದ್ದೆ ತಗುಲಿದ ಕೂಡಲೇ ಬಡಿದೆಬ್ಬಿಸೋ ಅಲಾರಂ ಇದೆ, ಮಾತ್ರೆಯೂ ಇದೆ. ತಿಂಗಳುಗಟ್ಟಲೆ ನಿಂತಿದ್ದು ಮತ್ತೆ ಶುರುವಾದರೆ ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಿ. ಆ ಮಗುವನ್ನ ಯಾರು ಹೆದರಿಸಿದ್ರು, ಯಾರು ಮುಟ್ಟಿದ್ರು ಅಂತಲೂ ಮೆಲ್ಲಗೆ ಕೇಳಿ.

ಗೆಳೆಯರೇ, ಅಂಬೇಡ್ಕರ್ ಜಯಂತಿಗೆ ಹಾಸ್ಟೆಲಿಗೆ ಹೋದಾಗ ಹಾರ ಹಾಕಿ ಬರಬೇಡಿ. ಕಕ್ಕಸಿನ ಬಾಗಿಲು ನೋಡಿ, ರಾತ್ರಿ ಲೈಟು ಉರಿಯುತ್ತಾ ನೋಡಿ. ನೆಲದ ಮೇಲೆ ಯಾವ ಮಗು ಮಲಗುತ್ತೆ ಕೇಳಿ. ಆ ಮಗುವಿನ ಪಕ್ಕ ಕೂತು ಹೇಳಿ: "ನಂಗೂ ಹಿಂಗೇ ಆಗ್ತಿತ್ತು ಕಣಪ್ಪಾ. ನಿನ್ನ ತಪ್ಪೇನೂ ಇಲ್ಲ."

ನನಗೆ ಇದನ್ನ ಯಾರೂ ಹೇಳಲಿಲ್ಲ.

ಜೈ ಭೀಮ್.