ಊಹೆ ಬೇಡ, ಕಾರಣ ಬೇಕು



ನಮ್ಮ ಗೋಡೆ ಪತ್ರಿಕೆಯಲ್ಲಿ ಕವಿತೆ ಇದೆ, ಗಾದೆ ಇದೆ, ನಗೆಹನಿ ಇದೆ, ಚಿತ್ರವೂ ಇದೆ. ಲೆಕ್ಕಕ್ಕೆ ಮಾತ್ರ ಒಂದು ಮೂಲೆಯೂ ಇಲ್ಲ. “ಲೆಕ್ಕ ವಹಿಯಾಗ ಇದ್ದದ್ದ ಸಾಕಾಗೇತಿ, ಮತ್ತ ಗ್ವಾಡಿಗ್ಯಾಕ?” ಎಂದು ನೀವು ನಗಬಹುದು. ನಾನು ಕೇಳುತ್ತಿರುವುದು ಚೌಕದ ಒಗಟಿನ ಮೂಲೆ. ಪ್ರತಿ ಶನಿವಾರ ಇಲ್ಲಿ ಒಂದು ಚೌಕದ ಒಗಟು ಹಾಕಬೇಕು. ಅದಕ್ಕೆ ಉತ್ತರ ಬರೆದವರಿಗಿಂತ ಕಾರಣ ಬರೆದವರಿಗೆ ಹೆಚ್ಚು ಬೆಲೆ ಕೊಡಬೇಕು. ಇದು ನನ್ನ ಅಭಿಪ್ರಾಯ.

ಪೇಪರಿನಲ್ಲಿ ಬರುವ ಸುಡೊಕು ಬಹಳ ಮಂದಿಗೆ ಗೊತ್ತಿದೆ. ಅಡ್ಡ 9, ಉದ್ದ 9, ಒಟ್ಟು 81 ಮನೆ. ಯಾವ ಸಾಲಿನಲ್ಲೂ, ಯಾವ 3×3 ಸಣ್ಣ ಚೌಕದಲ್ಲೂ ಒಂದು ಅಂಕಿ ಎರಡು ಸಲ ಬರಬಾರದು. ಹೆಸರು ಜಪಾನಿನದು, ಆದರೆ ಹುಟ್ಟಿದ್ದು ಅಮೆರಿಕದಲ್ಲಿ. ಹೋವರ್ಡ್ ಗಾರ್ನ್ಸ್ ಎಂಬ ಕಟ್ಟಡದ ನಕ್ಷೆ ಬರೆಯುವವರು ಮಾಡಿದ ಒಗಟು 1979ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಎಂಬ ಒಗಟು ಪತ್ರಿಕೆಯವರು ಅದನ್ನು ತಮ್ಮ ಮಂದಿಗೆ ತೋರಿಸಿದರು. 2004ರಲ್ಲಿ ಲಂಡನ್ನಿನ ಪೇಪರಿನಲ್ಲಿ ಬಂದ ಮೇಲೆ ಜಗತ್ತಿಗೆಲ್ಲ ಹಬ್ಬಿತು.

ಅದೇ ನಿಕೋಲಿ ಪತ್ರಿಕೆಯಲ್ಲಿ 1990ರಲ್ಲಿ ಇನ್ನೊಂದು ಒಗಟು ಬಂತು. ಅದರ ಹೆಸರು ಹಿಟೊರಿ. ನನಗೆ ಸುಡೊಕುಗಿಂತ ಇದೇ ಹೆಚ್ಚು ಸೇರುತ್ತದೆ. ಸುಡೊಕುದಲ್ಲಿ ಖಾಲಿ ಮನೆ ತುಂಬಬೇಕು. ಹಿಟೊರಿಯಲ್ಲಿ ಎಲ್ಲ ಮನೆಯೂ ಮೊದಲೇ ತುಂಬಿರುತ್ತವೆ. ಬೇಡವಾದ ಅಂಕಿಗೆ ಪೆನ್ಸಿಲ್‌ನಿಂದ ಮಸಿ ಹಚ್ಚಬೇಕು. ಒಂದು ಬಿತ್ತನೆ ಇದ್ದಂಗ, ಇನ್ನೊಂದು ಕಸಾ ತಗದಂಗ. ಕಸಾ ತೆಗೆಯುವಾಗ ಬೆಳೆಯನ್ನೇ ಕಿತ್ತರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ನಿಯಮ ಮೂರೇ ಮೂರು.

ಒಂದು: ಉಳಿದ ಬಿಳಿ ಮನೆಗಳಲ್ಲಿ, ಅಡ್ಡಸಾಲಿನಲ್ಲಾಗಲಿ ಕಂಬಸಾಲಿನಲ್ಲಾಗಲಿ ಒಂದು ಅಂಕಿ ಎರಡು ಸಲ ಇರಬಾರದು.
ಎರಡು: ಎರಡು ಕಪ್ಪು ಮನೆಗಳು ಮಗ್ಗುಲಿಗೆ ಅಥವಾ ಮೇಲೆ ಕೆಳಗೆ ತಾಗಿ ಕೂಡಬಾರದು. ಮೂಲೆಗೆ ಮೂಲೆ ತಾಗಿದರೆ ನಡೆಯುತ್ತದೆ.
ಮೂರು: ಬಿಳಿ ಮನೆಗಳೆಲ್ಲ ಒಂದಕ್ಕೊಂದು ಹಾದಿ ಇಟ್ಟುಕೊಂಡಿರಬೇಕು. ಯಾವ ಬಿಳಿ ಮನೆಯೂ ಕಪ್ಪಿನ ನಡುವೆ ಒಂಟಿಯಾಗಿ ಸಿಕ್ಕಿಕೊಳ್ಳಬಾರದು.

ಹಿಟೊರಿಯ ಪೂರ್ತಿ ಹೆಸರಿಗೆ ಜಪಾನಿ ಭಾಷೆಯಲ್ಲಿ “ನನ್ನನ್ನು ಒಂಟಿಯಾಗಿ ಬಿಡಿ” ಎಂಬ ಅರ್ಥವಿದೆ. ಹೆಸರು ಒಂಟಿಯಾಗಿ ಬಿಡಿ ಎನ್ನುತ್ತದೆ, ಮೂರನೇ ನಿಯಮ ಯಾರನ್ನೂ ಒಂಟಿ ಬಿಡಬೇಡಿ ಎನ್ನುತ್ತದೆ. ಮಜಾ ಐತಿ ನೋಡ್ರಿ!

ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ನಾನೇ ಮಾಡಿದ ಸಣ್ಣ ಚೌಕ ಇಲ್ಲಿದೆ.

1  3  3  4
3  4  1  3
3  1  4  3
4  3  4  1

ಕೊನೆಯ ಅಡ್ಡಸಾಲು ನೋಡಿರಿ. ಅಲ್ಲಿ ಎರಡು 4 ಇವೆ, ನಡುವೆ ಒಂದು 3. ಆ 3ಕ್ಕೆ ಮಸಿ ಹಚ್ಚಿದರೆ ಅದರ ಮಗ್ಗುಲಿನ ಎರಡೂ 4ಕ್ಕೆ ಹಚ್ಚಲು ಬರುವುದಿಲ್ಲ. ಆಗ ಎರಡೂ 4 ಉಳಿದು ಮೊದಲನೇ ನಿಯಮ ಮುರಿಯುತ್ತದೆ. ಅಂದ ಮೇಲೆ ಆ 3 ಬಿಳಿಯಾಗಿಯೇ ಇರಬೇಕು. ಅದು ಬಿಳಿಯಾದರೆ ಅದೇ ಕಂಬಸಾಲಿನ ಮೇಲ್ತುದಿಯ 3 ಕಪ್ಪಾಗಬೇಕು. ಅದು ಕಪ್ಪಾದ್ದರಿಂದ ಅದರ ಎಡದ 1, ಬಲದ 3, ಕೆಳಗಿನ 4 ಬಿಳಿ.

ಈಗ ನಡುವಿನ ಎರಡು ಅಡ್ಡಸಾಲು. ಎರಡರಲ್ಲೂ ಎರಡೂ ತುದಿಗೆ 3 ಇದೆ. ಪ್ರತಿ ಸಾಲಿನಲ್ಲಿ ಒಂದು 3 ಹೋಗಲೇಬೇಕು. ಒಂದೇ ಸಾಲಿನ ಎರಡನ್ನೂ ಕಪ್ಪು ಮಾಡಿದರೆ ಇನ್ನೊಂದು ಸಾಲಿನ ಎರಡಕ್ಕೂ ಹಚ್ಚಲು ಬರುವುದಿಲ್ಲ. ಮೇಲೆ ಕೆಳಗೆ ತಾಗಿಸಲೂ ಬರುವುದಿಲ್ಲ. ಆದ್ದರಿಂದ ಓರೆಯಾಗಿ ಎರಡು 3 ಕಪ್ಪಾಗಬೇಕು. ಯಾವ ಓರೆ? ಊಹೆ ಮಾಡುವವರು ಇಲ್ಲಿ ಕಣ್ಣು ಮುಚ್ಚಿ ಒಂದನ್ನು ಹಿಡಿಯುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ. ಮೂರನೇ ನಿಯಮವನ್ನು ಕೇಳಿರಿ, ಅದು ಹೇಳುತ್ತದೆ. ಎರಡನೇ ಸಾಲಿನ ಎಡದ 3 ಕಪ್ಪಾದರೆ ಮೇಲಿನ ಮೂಲೆಯ 1ಕ್ಕೆ ಬಲಕ್ಕೂ ಕಪ್ಪು, ಕೆಳಕ್ಕೂ ಕಪ್ಪು. ಅದು ಒಂಟಿಯಾಯಿತು. ಹಾಗಾಗಿ ಎರಡನೇ ಸಾಲಿನ ಬಲದ 3, ಮೂರನೇ ಸಾಲಿನ ಎಡದ 3, ಇವೆರಡೇ ಕಪ್ಪು. ಮೂರನೇ ಸಾಲಿನ ಎಡದ ಮನೆ ಕಪ್ಪಾದ್ದರಿಂದ ಅದರ ಕೆಳಗಿನ 4 ಬಿಳಿ. ಅದು ಬಿಳಿಯಾದರೆ ಕೊನೆಯ ಸಾಲಿನ ಇನ್ನೊಂದು 4 ಕಪ್ಪು. ಮುಗಿಯಿತು! ನಾಲ್ಕು ಕಪ್ಪು, ಹನ್ನೆರಡು ಬಿಳಿ. ಒಮ್ಮೆಯೂ ರಬ್ಬರ್ ಬೇಕಾಗಲಿಲ್ಲ.

ಇದು ನಮಗೆ ಯಾಕೆ ಬೇಕು ಎಂದು ಹೇಳುತ್ತೇನೆ.

ಮೊದಲನೆಯದು. ವರ್ಗದಲ್ಲಿ “ಉತ್ತರ ಎಷ್ಟು?” ಎಂದು ಕೇಳಿದ ಕೂಡಲೇ ಮೂರೋ ನಾಲ್ಕೋ ಕೈ ಮೇಲೇಳುತ್ತವೆ. ಮುಂದಿನವನ ವಹಿ ನೋಡಿ ಬರೆದವನದೂ ಸರಿ, ತಾನೇ ಮಾಡಿದವಳದೂ ಸರಿ. ಇಬ್ಬರಿಗೂ ಒಂದೇ ಗುರುತು ಬೀಳುತ್ತದೆ. ನಿಧಾನವಾಗಿ ಯೋಚನೆ ಮಾಡುವವರು ಕೈ ಎತ್ತುವುದರೊಳಗೆ ಪಾಠ ಮುಂದೆ ಹೋಗಿರುತ್ತದೆ. ಆಮೇಲೆ ಅವರು “ನನಗ ಲೆಕ್ಕ ಬರೂದಿಲ್ಲ ಬಿಡ” ಎಂದು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಚೌಕದ ಒಗಟಿನಲ್ಲಿ “ಈ ಮನಿ ಯಾಕ ಕಪ್ಪು?” ಎಂದು ಕೇಳಬಹುದು. ನಕಲು ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ನಿಧಾನಕ್ಕೆ ಮಾಡಿದವರು ತಲೆ ಎತ್ತಿ ಹೇಳುತ್ತಾರೆ.

ಎರಡನೆಯದು. ಘಟಪ್ರಭಾ, ಹಿರಣ್ಯಕೇಶಿ ನೀರಿನಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬು ಬಹಳ. ಕಬ್ಬು ಕಡಿಯುವ ಗ್ಯಾಂಗಿನವರು ದೂರದಿಂದ ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಾರೆ. ಆ ಮಕ್ಕಳು ಕೆಲವರು ಸುಗ್ಗಿ ಮುಗಿಯುವವರೆಗೆ ನಮ್ಮ ಜೊತೆ ಕೂಡ್ರುತ್ತಾರೆ. ಕನ್ನಡ ಪಾಠ ಕೆಲವರಿಗೆ ತಿಳಿಯುವುದಿಲ್ಲ, ಮರಾಠಿ ಮಾತಾಡುತ್ತಾರೆ. ಲೆಕ್ಕದಲ್ಲಿ ಹಿಂದಿನ ಅಧ್ಯಾಯ ತಪ್ಪಿರುತ್ತದೆ. ಕಡೆಯ ಸಾಲಿನಲ್ಲಿ ಸುಮ್ಮನೆ ಕೂಡ್ರುವುದೇ ಅವರ ಕೆಲಸ. ಹಿಟೊರಿಗೆ ಹಿಂದಿನ ಅಧ್ಯಾಯ ಬೇಡ, ಕನ್ನಡವೂ ಬೇಡ, ಇಂಗ್ಲಿಷೂ ಬೇಡ. ಮೂರು ನಿಯಮವನ್ನು ಕೈಸನ್ನೆಯಲ್ಲಿ ತೋರಿಸಬಹುದು. ಕಾರಣವನ್ನೂ ಅವರು ಬೆರಳು ಇಟ್ಟು ತೋರಿಸಬಹುದು. ಯಾವ ಬಿಳಿ ಮನೆಯನ್ನೂ ಒಂಟಿ ಬಿಡಬಾರದು ಎನ್ನುವ ಆಟ ಆಡುತ್ತಾ ಮಗ್ಗುಲಿಗೆ ಕುಳಿತವರನ್ನು ಒಂಟಿ ಬಿಡುವುದು ಚಂದವಲ್ಲ.

ಮೂರನೆಯದು, ಖರ್ಚಿಲ್ಲ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಚೌಕ ಗೀಚಿ, ಕಪ್ಪು ಮನೆಗೆ ಒಂದೊಂದು ಹುಣಸಿ ಬೀಜ ಇಟ್ಟರೆ ಸಾಕು.

“ಪರದೇಶದ ಆಟ ನಮಗ್ಯಾಕ?” ಎನ್ನುವವರೂ ಇದ್ದಾರೆ. ಚೌಕದಲ್ಲಿ ಅಂಕಿ ಕೂಡ್ರಿಸುವುದು ಕನ್ನಡಕ್ಕೆ ಹೊಸದಲ್ಲ. ಕುಮುದೇಂದು ಮುನಿಯ ಸಿರಿಭೂವಲಯದಲ್ಲಿ ಅಡ್ಡ 27, ಉದ್ದ 27, ಒಟ್ಟು 729 ಮನೆಯ ಚೌಕಗಳಿವೆ. ಮನೆಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು, ಒಂದೊಂದು ಅಂಕಿಗೆ ಒಂದೊಂದು ಅಕ್ಷರ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂದು ತಿಳಿದವರಿಗೆ ಮಾತ್ರ ಪದ್ಯ ಸಿಗುತ್ತದೆ. ಅದರ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ, ಆದರೆ 1953ರಲ್ಲಿ ಅದು ಬೆಂಗಳೂರಿನಲ್ಲಿ ಅಚ್ಚಾಯಿತು. ಅಷ್ಟು ದೂರ ಯಾಕೆ, ಕೌದಿ ಹೊಲಿಯುವ ಅಜ್ಜಿಯಂದಿರನ್ನು ನೋಡಿರಿ. ಒಂದೇ ಬಣ್ಣದ ತುಂಡು ಮಗ್ಗುಲಿಗೆ ಬರದಂತೆ ಇಡುತ್ತಾರೆ. ಎರಡನೇ ನಿಯಮ ಅವರಿಗೆ ಯಾವ ಪತ್ರಿಕೆಯೂ ಕಲಿಸಿಲ್ಲ.

“ಇದು ಪರೀಕ್ಷಾಕ್ಕ ಬರೂದಿಲ್ಲ” ಎನ್ನುವ ಮಾತು ಖರೆ. ಚೌಕದ ಒಗಟು ಬಿಡಿಸಿದರೆ ಮಗ್ಗಿ ಬರುವುದಿಲ್ಲ, ಭಿನ್ನರಾಶಿಯೂ ಬರುವುದಿಲ್ಲ. ಅದನ್ನು ಬೇರೆಯೇ ಕಲಿಯಬೇಕು. ಅಂಕಿಯ ಬದಲು ಅ, ಆ, ಇ, ಈ ಬರೆದರೂ ಈ ಒಗಟು ನಡೆಯುತ್ತದೆ. ಆದರೆ “ಇದು ಆಗದಿದ್ದರೆ ಅದು ಆಗಲೇಬೇಕು” ಎಂದು ಹೆಜ್ಜೆ ಹೆಜ್ಜೆಗೆ ನೋಡುವ ರೂಢಿ ಬರುತ್ತದೆ. ಮುಂದೆ ರೇಖಾಗಣಿತದಲ್ಲಿ ಸಾಧನೆ ಬರೆಯುವಾಗ ಬೇಕಾಗುವುದು ಇದೇ. ಯಾರೋ ಹೇಳಿದ್ದನ್ನು ಹಾಗೇ ನಂಬದೆ “ಯಾಕ?” ಎಂದು ಕೇಳುವುದಕ್ಕೂ ಇದೇ ಬೇಕು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಶನಿವಾರ ಒಂದು ಚೌಕ ಹಾಕಲು ಅಪ್ಪಣೆ ಕೊಡಿರಿ. ಉತ್ತರದ ಚೀಟಿ ಹಾಕಲು ಕೆಳಗೆ ಒಂದು ಡಬ್ಬಿ ಇಡೋಣ. ಬರೀ ಉತ್ತರ ಬರೆದರೆ ಅರ್ಧ ಗುರುತು, ಕಾರಣವನ್ನೂ ಹೇಳಿದರೆ ಪೂರ್ತಿ. ಮೊದಲು ಹಾಕಿದವರು, ಕಡೆಗೆ ಹಾಕಿದವರು ಎಂಬ ಭೇದ ಬೇಡ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಹಲಗೆಯ ಮೇಲೆ ಬಿಡಿಸಿ ತೋರಿಸಲಿ.

ಗೆಳೆಯ ಗೆಳತಿಯರೇ, ನೀವೂ ಒಂದು ಚೌಕ ಮಾಡಿ ನೋಡಿರಿ. ಬಿಡಿಸುವುದಕ್ಕಿಂತ ಮಾಡುವುದು ಕಷ್ಟ, ಯಾಕೆಂದರೆ ಉತ್ತರ ಒಂದೇ ಇರುವಂತೆ ಮಾಡಬೇಕು. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ. ಯಾಕೆ ಒಪ್ಪುವುದಿಲ್ಲ ಎಂಬ ಕಾರಣವನ್ನೂ ಬರೆಯಿರಿ.

— 7ನೇ ತರಗತಿಯ ವಿದ್ಯಾರ್ಥಿನಿ