ಮಳೆ ಬಂದ ಮೇಲೆ ನೆನಪಾಗೋ ವೈಪರ್: ಬಸ್ತಿಹಳ್ಳಿ ಗಾಡಿಗಳಿಗೆ ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ಬಸ್ತಿಹಳ್ಳಿ (ಹಳೇಬೀಡು): ರೋಹಿಣಿ ಮಳೆ ಮುಗಿದು ಮೃಗಶಿರಾ ಶುರುವಾಗುವ ಹೊತ್ತಿಗೆ ಹಳೇಬೀಡು, ಬೇಲೂರು ಕಡೆಯ ಬಿಡಿಭಾಗದ ಅಂಗಡಿಗಳಲ್ಲಿ ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: "ವೈಪರ್ ಬ್ಲೇಡ್ ಇದ್ಯಾ?" ಕೇಳುವವರು ಅಷ್ಟರಲ್ಲಿ ಒಂದು ಮಳೆಯಲ್ಲಿ ಸಿಕ್ಕಿಹಾಕಿಕೊಂಡು ಬಂದಿರುತ್ತಾರೆ. ಗಾಜಿನ ಮೇಲೆ ಕೆಸರು ಎಳೆದಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿ ಓಡಿಸಿ, ದೇವರ ದಯೆಯಿಂದ ಮನೆ ಸೇರಿದವರು. ನಾಲ್ಕಾರು ನೂರು ರೂಪಾಯಿಯ ವಸ್ತು. ಹಾಕೋದಕ್ಕೆ ಹತ್ತು ನಿಮಿಷವೂ ಬೇಡ. ಆದರೂ ವರ್ಷಾ ವರ್ಷಾ ಇದೇ ಕಥೆ. ಯಾಕೆ?

ಇದು ಬರೀ ಸೋಮಾರಿತನ ಅಂತ ತಳ್ಳಿಹಾಕೋ ಹಾಗಿಲ್ಲ. ಬಸ್ತಿಹಳ್ಳಿ ಇರುವ ಜಾಗ, ಇಲ್ಲಿನ ಗಾಡಿಗಳು ಓಡುವ ದಾರಿ, ಖರ್ಚಿನ ಲೆಕ್ಕ ಮೂರೂ ಇದರಲ್ಲಿ ಸೇರಿಕೊಂಡಿವೆ.

ಬಿಸಿಲು ಬಯಲುಸೀಮೆಯದು, ಮಳೆ ಮಲೆನಾಡಿನದು

ಹಾಸನ ಜಿಲ್ಲೆಯ ಒಂದು ತುದಿಯಲ್ಲಿ ಅರಸೀಕೆರೆ, ತೆಂಗು ಮತ್ತು ಕೊಬ್ಬರಿಯ ಬಯಲುಸೀಮೆ. ಇನ್ನೊಂದು ತುದಿಯಲ್ಲಿ ಸಕಲೇಶಪುರ, ಕಾಫಿ ಮತ್ತು ಮಂಜಿನ ಮಲೆನಾಡು. ಹಳೇಬೀಡು, ಬಸ್ತಿಹಳ್ಳಿ ಇವೆರಡರ ನಡುವೆ ಸಿಕ್ಕಿವೆ. ಇಲ್ಲಿನ ಗಾಡಿ ಬೆಳಿಗ್ಗೆ ಜಾವಗಲ್, ಬಾಣಾವರ ಕಡೆಯ ಧೂಳಿನಲ್ಲಿ ಓಡಿ, ಮಧ್ಯಾಹ್ನ ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಇಳಿಯಬಹುದು. ಧರ್ಮಸ್ಥಳದ ಬಾಡಿಗೆ ಬಂದರೆ ಅದೇ ದಾರಿ.

ವೈಪರ್ ರಬ್ಬರ್ ಹಾಳಾಗುವುದು ಮಳೆಯಿಂದ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಅದು ಹೆಚ್ಚಾಗಿ ಹಾಳಾಗುವುದು ಬೇಸಿಗೆಯಲ್ಲಿ. ದೇವಸ್ಥಾನದ ಪಾರ್ಕಿಂಗ್‌ನಲ್ಲಿ ದಿನವಿಡೀ ಬಿಸಿಲಲ್ಲಿ ನಿಂತ ಗಾಡಿಯ ಗಾಜು ಕಾದ ಹೆಂಚಿನ ಹಾಗಾಗುತ್ತೆ. ಅದರ ಮೇಲೆ ಮಲಗಿದ ರಬ್ಬರ್ ಗಟ್ಟಿಯಾಗಿ, ಒಂದೇ ಕಡೆಗೆ ಬಾಗಿ, ಅಂಚಿನಲ್ಲಿ ಸಣ್ಣದಾಗಿ ಸೀಳುತ್ತೆ. ಆರು ತಿಂಗಳು ಮಳೆ ಇಲ್ಲದ್ದರಿಂದ ಯಾರೂ ಅದನ್ನು ನೋಡುವುದಿಲ್ಲ. ಮೊದಲ ಮಳೆ ಬಿದ್ದ ದಿನವೇ ಗೊತ್ತಾಗೋದು. ಅಷ್ಟರಲ್ಲಿ ಗಾಡಿ ರಸ್ತೆಯ ಮಧ್ಯೆ ಇರುತ್ತೆ.

ಇದರ ಜೊತೆಗೆ ಬೋರ್ ನೀರು. ಗಡಸು ನೀರಲ್ಲಿ ಗಾಜು ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತೆ. ಧೂಳು ಹಿಡಿದ ಒಣ ಗಾಜಿನ ಮೇಲೆ ವೈಪರ್ ಹಾಕಿದರೆ ಮರಳು ಕಾಗದ ಉಜ್ಜಿದ ಹಾಗೆ. ರಬ್ಬರೂ ಹೋಗುತ್ತೆ, ಗಾಜಿನ ಮೇಲೂ ಕಮಾನಿನಂಥ ಗೀರು ಬೀಳುತ್ತೆ. ಆಮೇಲೆ ಹೊಸ ಬ್ಲೇಡ್ ಹಾಕಿದರೂ ಆ ಗೀರು ಹೋಗಲ್ಲ.

ಆಯುಧಪೂಜೆ ಲೆಕ್ಕ

ನಮ್ಮ ಕಡೆ ಗಾಡಿಗೆ ವರ್ಷಕ್ಕೊಮ್ಮೆ ಪೂರ್ತಿ ಆರೈಕೆ ಸಿಗುವುದು ಆಯುಧಪೂಜೆಗೆ. ತೊಳೆಯುವುದು, ಬಣ್ಣ ಹೊಡೆಸುವುದು, ಸಣ್ಣಪುಟ್ಟ ಬಿಡಿಭಾಗ ಬದಲಿಸುವುದು ಎಲ್ಲಾ ಆಗ. ಸಮಸ್ಯೆ ಏನೆಂದರೆ, ಆಯುಧಪೂಜೆ ಬರುವುದು ಮುಂಗಾರು ಮುಗಿದ ಮೇಲೆ. ಆಗ ಹಾಕಿದ ಹೊಸ ಬ್ಲೇಡು ಹಿಂಗಾರಿನ ನಾಲ್ಕು ಮಳೆ ಕಂಡು, ನಂತರ ಶಿವರಾತ್ರಿ, ಯುಗಾದಿ ಬಿಸಿಲೆಲ್ಲ ಕುಡಿದು, ಜೂನ್ ಹೊತ್ತಿಗೆ ಹಳೆಯದಾಗಿರುತ್ತೆ. ಮಾಲೀಕರ ಲೆಕ್ಕದಲ್ಲಿ ಮಾತ್ರ ಅದು ಇನ್ನೂ "ಹೊಸಾದು".

ಬ್ಲೇಡನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸಬೇಕು. ವರ್ಷಕ್ಕೆ ಒಂದೇ ಸಲ ಅಂತಾದರೆ ಅದು ಮೇ ಕೊನೆಯಲ್ಲಿ ಆಗಬೇಕು, ಅಕ್ಟೋಬರ್‌ನಲ್ಲಲ್ಲ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳೇ ಮಲೆನಾಡಿನ ದಾರಿಯಲ್ಲಿ ಗಾಡಿಯ ನಿಜವಾದ ಪರೀಕ್ಷೆ.

ಮಾಲೀಕರದ್ದಾ, ಡ್ರೈವರ್‌ದಾ?

ಇನ್ನೊಂದು ಕಾರಣ ದುಡ್ಡಿನದ್ದು. ಬಾಡಿಗೆ ಗಾಡಿಗಳಲ್ಲಿ ಟೈರು, ಇನ್ಶೂರೆನ್ಸ್, ಎಫ್‌ಸಿ ಮಾಲೀಕರ ಖರ್ಚು. ಪಂಕ್ಚರ್, ತೊಳೆಯುವುದು ಹೆಚ್ಚಾಗಿ ಡ್ರೈವರ್ ಕೈಯಿಂದ. ವೈಪರ್ ಈ ಎರಡರ ನಡುವೆ ಬಿದ್ದುಹೋಗುತ್ತೆ. ಡ್ರೈವರ್ ಹೇಳಿದರೆ "ಮುಂದಿನ ಸರ್ವೀಸ್‌ಗೆ ನೋಡನ ಬಿಡು" ಅನ್ನೋ ಉತ್ತರ. ಸ್ವಂತ ದುಡ್ಡು ಹಾಕಲು ಡ್ರೈವರ್‌ಗೂ ಮನಸ್ಸಿಲ್ಲ, ನಾಳೆ ಆ ಗಾಡಿಯಲ್ಲಿ ತಾನೇ ಇರ್ತೀನಿ ಅನ್ನೋ ಖಾತ್ರಿ ಇಲ್ಲ. ಟೈರ್ ಸವೆದರೆ ಗಾಡಿ ನಿಲ್ಲುತ್ತೆ, ಆದಾಯ ನಿಲ್ಲುತ್ತೆ. ವೈಪರ್ ಸವೆದರೆ ಗಾಡಿ ನಿಲ್ಲಲ್ಲ. ಅಪಾಯ ಇರೋದೇ ಅಲ್ಲಿ.

ಗೂಡ್ಸ್ ಗಾಡಿಗಳ ಪಾಡು ಇನ್ನೂ ಕಷ್ಟ. ತರಕಾರಿ, ಶುಂಠಿ, ತೆಂಗಿನಕಾಯಿ ತುಂಬಿಕೊಂಡು ಮಾರುಕಟ್ಟೆಗೆ ಹೊರಡೋದು ನಸುಕಿನ ಮೂರು ಗಂಟೆಗೆ. ಕತ್ತಲೆ, ಮಳೆ, ಎದುರಿನ ಲಾರಿಯ ಹೈ ಬೀಮ್. ಸವೆದ ಬ್ಲೇಡು ಗಾಜಿನ ಮೇಲೆ ಬಿಟ್ಟ ನೀರಿನ ಗೆರೆ ಒಂದೊಂದೂ ಆ ಬೆಳಕನ್ನು ಒಡೆದು ಕಣ್ಣಿಗೆ ಚುಚ್ಚುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತೆ. ಎರಡು ಸೆಕೆಂಡ್ ಏನೂ ಕಾಣದಿದ್ದರೆ 30 ಮೀಟರ್‌ಗೂ ಹೆಚ್ಚು ದೂರ ಕುರುಡಾಗಿ ಓಡಿದಂತೆ. ಅಷ್ಟರೊಳಗೆ ಹಾಲಿನ ಡೈರಿಗೆ ಹೊರಟ ಸೈಕಲ್ಲೂ ಇರಬಹುದು, ರಸ್ತೆಗೆ ಬಂದ ದನವೂ ಇರಬಹುದು.

ಪ್ರವಾಸಿಗರೂ ಹೆಚ್ಚಿದ್ದಾರೆ

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಂದಿನಿಂದ ಹಳೇಬೀಡಿನ ಹೆಸರು ಇನ್ನೂ ದೂರ ಹೋಗಿದೆ. ಹೊಯ್ಸಳೇಶ್ವರ ನೋಡಿದವರಲ್ಲಿ ಕೆಲವರು ಬಸ್ತಿಹಳ್ಳಿಗೂ ಬಂದು, 1133ರಲ್ಲಿ ಬೊಪ್ಪದೇವ ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳಲ್ಲಿ ಮುಖ ನೋಡಿಕೊಂಡು ಹೋಗ್ತಾರೆ. ಸುಮಾರು ಒಂಬೈನೂರು ವರ್ಷ ಹಳೆಯ ಕಲ್ಲಿನಲ್ಲಿ ಮುಖ ಕಾಣುತ್ತೆ, ಬಂದ ಗಾಡಿಯ ಗಾಜಿನಲ್ಲಿ ರಸ್ತೆ ಕಾಣಲ್ಲ ಅಂದರೆ ಊರಿಗೆ ಒಳ್ಳೆ ಹೆಸರಲ್ಲ. ಬೇಲೂರಿಂದ ಹಳೇಬೀಡಿಗೆ ಇರುವುದು 16 ಕಿ.ಮೀ. ಅಷ್ಟೇ. ಆದರೆ ಅದೇ ಪ್ರವಾಸಿಗರು ಮುಂದೆ ಚಿಕ್ಕಮಗಳೂರು, ಸಕಲೇಶಪುರ, ಶಿರಾಡಿ ಅಂತ ಕೇಳ್ತಾರೆ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ಘಾಟಿ ಬಂದ್ ಆಗಿದ್ದನ್ನು ಕಂಡ ಡ್ರೈವರ್‌ಗಳಿಗೆ ಗೊತ್ತು, ಆ ರಸ್ತೆಯಲ್ಲಿ ಮುಂದಿನ ತಿರುವಲ್ಲಿ ಮಣ್ಣು ಬಿದ್ದಿದೆಯಾ ಅಂತ ಮೊದಲೇ ಕಾಣುವುದು ಎಷ್ಟು ಮುಖ್ಯ ಅಂತ.

ಕಾನೂನು ಏನು ಹೇಳುತ್ತೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮದ ಪ್ರಕಾರ ಮುಂದಿನ ಗಾಜು ಇರುವ ವಾಹನಕ್ಕೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು. ಬರೀ ಕಡ್ಡಿ ಇದ್ದರೆ ಸಾಲದು, ಗಾಜು ಒರೆಸಬೇಕು. ಬಾಡಿಗೆ ಮತ್ತು ಸಾಗಣೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಆದರೆ ಎಫ್‌ಸಿ ತಾರೀಖು ಮಳೆ ನಕ್ಷತ್ರ ನೋಡಿ ಬರಲ್ಲ. ಜನವರಿಯಲ್ಲಿ ಪಾಸಾದ ಬ್ಲೇಡು ಜುಲೈನಲ್ಲೂ ಪಾಸು ಅನ್ನೋ ಹಾಗಿಲ್ಲ.

ತಾತ್ಕಾಲಿಕ ಉಪಾಯಗಳ ಮಿತಿ

ಗಾಜಿಗೆ ಹೊಗೆಸೊಪ್ಪು ಉಜ್ಜೋದು, ಆಲೂಗಡ್ಡೆ ಹೋಳು ಉಜ್ಜೋದು ಹಳೇ ಡ್ರೈವರ್‌ಗಳ ಉಪಾಯ. ದಾರಿಮಧ್ಯೆ ವೈಪರ್ ಕೈಕೊಟ್ಟಾಗ ಸ್ವಲ್ಪ ದೂರಕ್ಕೆ ಆದೀತು. ಅದನ್ನೇ ನಂಬಿಕೊಂಡು ಘಾಟಿ ಇಳಿಯೋದು ಬೇಡ. ರಬ್ಬರ್ ಮೆತ್ತಗಾಗಲಿ ಅಂತ ಡೀಸೆಲ್, ಸೀಮೆಎಣ್ಣೆ ಸವರಿದರೆ ರಬ್ಬರ್ ಊದಿಕೊಂಡು ಇನ್ನೂ ಬೇಗ ಹಾಳಾಗುತ್ತೆ. ಎಣ್ಣೆ ಗಾಜಿಗೆ ಹತ್ತಿದರೆ ರಾತ್ರಿ ಬೆಳಕು ಇನ್ನಷ್ಟು ಹರಡುತ್ತೆ.

ಬದಲಿಸುವ ಮೊದಲು ಗಾಜು ತೊಳೆದು, ರಬ್ಬರ್ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಬಟ್ಟೆಗೆ ಕಪ್ಪು ಹತ್ತಿ ಹೋಗಿ ಗೆರೆ ನಿಂತರೆ ಅದು ಬರೀ ಕೊಳೆ. ಆಮೇಲೂ ಗೆರೆ ಬಿಟ್ಟರೆ, ಕಿರುಗುಟ್ಟಿದರೆ, ಕುಣಿಯುತ್ತಾ ಹೋದರೆ, ಮಧ್ಯೆ ಒರೆಸದೆ ಜಾಗ ಬಿಟ್ಟರೆ ಬ್ಲೇಡಿನ ಕಾಲ ಮುಗಿಯಿತು ಅಂತ ಅರ್ಥ.

ಹಾಕುವುದು ಹೇಗೆ?

* ಹಳೇ ಬ್ಲೇಡಿನ ಉದ್ದ ಅಳೆಯಬೇಕು. ಅಳತೆ ಇಂಚಿನಲ್ಲಿ. ತುಂಬಾ ಕಾರುಗಳಲ್ಲಿ ಡ್ರೈವರ್ ಕಡೆಯದು ಉದ್ದ, ಪಕ್ಕದ್ದು ಗಿಡ್ಡ. ಎರಡೂ ಅಳೆಯಿರಿ.
* ಉದ್ದದ್ದು ಹಾಕಿದರೆ ಒಂದಕ್ಕೊಂದು ತಾಗಬಹುದು, ಗಿಡ್ಡದ್ದು ಹಾಕಿದರೆ ಅಂಚು ಒರೆಸಲ್ಲ.
* ವೈಪರ್ ಕಡ್ಡಿಯನ್ನು ಗಾಜಿನಿಂದ ಎತ್ತಿ ನಿಲ್ಲಿಸಿ, ಕೆಳಗೆ ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಹಾಕಿ. ಬ್ಲೇಡ್ ತೆಗೆದ ಕಡ್ಡಿ ಸ್ಪ್ರಿಂಗ್ ಎಳೆತಕ್ಕೆ ಪಟ್ ಅಂತ ಬಿದ್ದರೆ ಗಾಜೇ ಬಿರುಕು ಬಿಡುತ್ತೆ. ಇನ್ನೂರು ಉಳಿಸಲು ಹೋಗಿ ಸಾವಿರಗಟ್ಟಲೆ ಕಳೆದುಕೊಳ್ಳೋದು ಇಲ್ಲೇ.
* ಕೊಕ್ಕೆ ಮಾದರಿಯ ಕಡ್ಡಿಯಾದರೆ, ನಡುವಿನ ಸಣ್ಣ ಲಾಕ್ ಒತ್ತಿ ಬ್ಲೇಡನ್ನು ಕಡ್ಡಿಯ ಬುಡದ ಕಡೆಗೆ ಜಾರಿಸಿದರೆ ಕೊಕ್ಕೆಯಿಂದ ಬಿಡಿಸಿಕೊಳ್ಳುತ್ತೆ. ಹೊಸದನ್ನು ಉಲ್ಟಾ ಎಳೆದು, "ಟಕ್" ಅನ್ನುವವರೆಗೆ ಕೂರಿಸಬೇಕು.
* ಕಡ್ಡಿಯನ್ನು ಕೈಯಲ್ಲೇ ಮೆಲ್ಲಗೆ ಇಳಿಸಿ, ಗಾಜಿಗೆ ನೀರು ಹಾಕಿ ಓಡಿಸಿ ನೋಡಬೇಕು. ಒಣ ಗಾಜಿನ ಮೇಲೆ ಪರೀಕ್ಷೆ ಬೇಡ.

ಹೊಸ ಬ್ಲೇಡ್ ಹಾಕಿದ ಮೇಲೂ ಒರೆಸದಿದ್ದರೆ ತಪ್ಪು ಕಡ್ಡಿಯ ಸ್ಪ್ರಿಂಗ್‌ನಲ್ಲೋ ಮೋಟರ್‌ನಲ್ಲೋ ಇರಬಹುದು. ಅದು ಮೆಕ್ಯಾನಿಕ್ ಕೆಲಸ.

ಅಂಗಡಿಯವರ ಪಾಲೂ ಇದೆ

ಹೆಚ್ಚು ಓಡುವ ಎರಡು ಮೂರು ಅಳತೆ ಬಿಟ್ಟು ಬೇರೆ ಅಳತೆ ಕೇಳಿದರೆ "ಹಾಸನಕ್ಕೆ ಹೋಗಿ" ಅನ್ನೋ ಉತ್ತರ ಸಿಗುವುದು ಸಾಮಾನ್ಯ. ಆಗ ಗಿರಾಕಿ ಇರೋದನ್ನೇ ಹಾಕಿಸಿಕೊಂಡು ಹೋಗ್ತಾರೆ. ಮೇ ತಿಂಗಳಲ್ಲೇ ಊರಿನ ಗಾಡಿಗಳ ಅಳತೆ ಬರೆದುಕೊಂಡು ತರಿಸಿದರೆ ವ್ಯಾಪಾರವೂ ಆಗುತ್ತೆ, ಜೂನ್‌ನಲ್ಲಿ ನೂಕುನುಗ್ಗಲೂ ತಪ್ಪುತ್ತೆ. ಇನ್ನೊಂದು ಮಾತು: ಬ್ಲೇಡನ್ನು ಅಂಗಡಿ ಮುಂದೆ ಬಿಸಿಲಿಗೆ ನೇತುಹಾಕಬಾರದು. ಮಾರುವ ಮೊದಲೇ ರಬ್ಬರಿನ ಆಯಸ್ಸು ಕಡಿಮೆಯಾಗುತ್ತೆ. ಕೊಳ್ಳುವವರು ಪ್ಯಾಕ್ ಮೇಲಿನ ತಯಾರಾದ ತಿಂಗಳು, ವರ್ಷ ನೋಡಿಯೇ ತೆಗೆದುಕೊಳ್ಳಬೇಕು.

ಮಾಲೀಕರು ಮತ್ತು ಡ್ರೈವರ್‌ಗಳ ನಡುವಿನ ಗೊಂದಲಕ್ಕೂ ಪರಿಹಾರ ದೊಡ್ಡದೇನಲ್ಲ. ಟೈರು ಯಾರದು, ಪಂಕ್ಚರ್ ಯಾರದು ಅಂತ ಮಾತಾಡಿಕೊಳ್ಳುವಾಗಲೇ ವೈಪರ್ ಮಾಲೀಕರದು ಅಂತ ಸೇರಿಸಿಕೊಂಡರೆ ಆಯ್ತು. ಸವೆದಿದೆ ಅಂತ ಹೇಳುವುದು ಡ್ರೈವರ್ ಕೆಲಸ, ಕೊಡಿಸುವುದು ಮಾಲೀಕರ ಕೆಲಸ.

ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅನ್ನೋದು ಹಿರಿಯರ ಮಾತು. ಹುಯ್ಯಲಿ, ಕೆರೆ ತುಂಬಲಿ. ಅದಕ್ಕೂ ಮುಂಚೆ ಒಂದು ಚೊಂಬು ನೀರನ್ನು ಗಾಜಿಗೆ ಎರಚಿ, ವೈಪರ್ ಹಾಕಿ ನೋಡುವುದು ಪ್ರತಿಯೊಬ್ಬರ ಮನೆ ಮುಂದೆಯೇ ಆಗುವ ಕೆಲಸ.