ಹಳೆಯ ಗಿಟಾರು, ಹಳೆಯ ತಂಬೂರಿ ಮತ್ತು ಒಂದು ರಶೀದಿ

ಗಣೇಶೋತ್ಸವವು ಸಮೀಪಿಸುತ್ತಿದ್ದಂತೆ ನಮ್ಮ ಶಹಾಪುರದ ಓಣಿಗಳಲ್ಲಿ ಯಂತ್ರಮಗ್ಗಗಳ ಸಪ್ಪಳದೊಡನೆ ವಾದ್ಯಗಳ ತಾಲೀಮೂ ಸೇರಿಕೊಳ್ಳುತ್ತದೆ. ಪಾಳಿ ಮುಗಿಸಿ ಬಂದ ತರುಣರು ಆರ್ಕೆಸ್ಟ್ರಾ ತಂಡಗಳನ್ನು ಕಟ್ಟುತ್ತಾರೆ. ಕೀಬೋರ್ಡು, ಢೋಲಕಿಗಳ ಜೊತೆಗೆ ಈಗ ಬೇಸ್ ಗಿಟಾರೂ ಬೇಕೆನ್ನುತ್ತಾರೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಇಚಲಕರಂಜಿ, ಕೊಲ್ಹಾಪುರ, ಮಿರಜ, ಗಡಹಿಂಗ್ಲಜಗಳ ನಡುವೆ ಬಳಸಿದ ವಾದ್ಯಗಳು ಕೈಯಿಂದ ಕೈಗೆ ಸಾಗುತ್ತಿರುತ್ತವೆ. ಹಣ ಕೈಬದಲಾಗುತ್ತದೆ, ಕಾಗದ ಮಾತ್ರ ಇರುವುದಿಲ್ಲ. ಹಾಗೆ ಹುಟ್ಟಿದ ತಂಟೆಗಳಲ್ಲಿ ಕೆಲವು ನಮ್ಮಂಥ ವಕೀಲರ ಮೇಜಿಗೆ ಬರುತ್ತವೆ.

ಈಚೆಗೆ ಬಂದ ಒಂದು ಪ್ರಕರಣವನ್ನು ಹೆಸರುಗಳಿಲ್ಲದೆ ಹೇಳುತ್ತೇನೆ. ಸೈಜಿಂಗ್ ಕಾರಖಾನೆಯಲ್ಲಿ ದುಡಿಯುವ ತರುಣನೊಬ್ಬ ನೆರೆಯ ಪಟ್ಟಣದ ಅಂಗಡಿಯೊಂದರಲ್ಲಿ ಬಳಸಿದ ಬೇಸ್ ಗಿಟಾರನ್ನೂ ಅದಕ್ಕೊಂದು ಆಂಪ್ಲಿಫೈಯರನ್ನೂ ಒಟ್ಟು 19,000 ರೂಪಾಯಿಗೆ ಕೊಂಡಿದ್ದ. ಹತ್ತು ದಿನಗಳಲ್ಲಿ ಎರಡರ ದೋಷಗಳೂ ಹೊರಬಿದ್ದವು. ಗಿಟಾರಿನ ನೆಕ್ ತಿರುಚಿಕೊಂಡಿತ್ತು. 200 ವ್ಯಾಟಿನದೆಂದು ಮಾರಿದ ಆಂಪ್ಲಿಫೈಯರು 60 ವ್ಯಾಟಿನದಾಗಿತ್ತು. ಜೊತೆಗೆ ಬಂದಿದ್ದ ತಂದೆ ಕೇಳಿದ್ದು ಒಂದೇ ಮಾತು: "ವಕೀಲಸಾಹೇಬ್ರ, ರೊಕ್ಕ ತಿರುಗಿ ಬರ್ತಾವೇನ್ರಿ?" ಅರ್ಧ ಬರಬಹುದು, ಅರ್ಧ ಬಾರದಿರಬಹುದು ಎಂದು ನಾನು ಹೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ. ಆ ಉತ್ತರದ ಕಾರಣವನ್ನು ಇಲ್ಲಿ ವಿವರವಾಗಿ ಬರೆಯಬೇಕೆನಿಸಿತು.

ಸರಕು ಮಾರಾಟ ಅಧಿನಿಯಮವು 1930ರದು. ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ಹಳೆಯ ನಿಯಮವನ್ನು ಅದರ 16ನೆಯ ಕಲಮು ಮೂಲತಃ ಒಪ್ಪಿಕೊಂಡು, ಬಳಿಕ ಕೆಲವು ವಿನಾಯಿತಿಗಳನ್ನು ಹೇಳುತ್ತದೆ. ಅಂಥ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ವರ್ಣನೆಯ ಮೇರೆಗೆ ಕೊಂಡ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಲೇಬೇಕು. ಆದರೆ ಗಿರಾಕಿಯು ವಸ್ತುವನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ವ್ಯಾಪಾರಿ ಹೊಣೆಯಲ್ಲ. ನಮ್ಮ ತರುಣನು ಅಂಗಡಿಯಲ್ಲಿ ಅರ್ಧ ತಾಸು ಆ ಗಿಟಾರನ್ನು ನುಡಿಸಿ ನೋಡಿದ್ದ. ತಿರುಚಿದ ನೆಕ್ ಕಣ್ಣಿಗೆ ಕಾಣುವಂಥ ದೋಷ. ರಶೀದಿಯಲ್ಲಿ ಬರೆದುದು "ಗಿಟಾರ್ ನಗ 1" ಎಂದಷ್ಟೇ.

ಆಂಪ್ಲಿಫೈಯರಿನ ಮಾತು ಬೇರೆ. ಅದೇ ರಶೀದಿಯ ಮುಂದಿನ ಸಾಲಿನಲ್ಲಿ "ಬೇಸ್ ಆಂಪ್ಲಿಫೈಯರ್ 200 ವ್ಯಾಟ್" ಎಂದು ವ್ಯಾಪಾರಿಯ ಕೈಬರಹವಿತ್ತು. 15ನೆಯ ಕಲಮಿನ ಪ್ರಕಾರ ವರ್ಣನೆಯ ಮೇರೆಗೆ ಮಾರಿದ ವಸ್ತು ವರ್ಣನೆಗೆ ಹೊಂದಲೇಬೇಕು. "ನೋಡಿಯೇ ಒಯ್ದಿದ್ದೀರಲ್ಲ" ಎಂಬ ಉತ್ತರ ಅಲ್ಲಿ ಸಾಲದು. ನೋಟೀಸು ತಲುಪಿದ ಎರಡು ವಾರಗಳಲ್ಲಿ ವ್ಯಾಪಾರಿಯು ಆಂಪ್ಲಿಫೈಯರನ್ನು ಮರಳಿ ಪಡೆದು ಅದರ ಹಣವನ್ನು ಕೊಟ್ಟನು. ಗಿಟಾರು ಹುಡುಗನ ಮನೆಯಲ್ಲಿಯೇ ಉಳಿಯಿತು.

ಹಾಗಾದರೆ ಕೊಳ್ಳುವ ಮುನ್ನ ಏನನ್ನು ನೋಡಬೇಕು? ನಾನು ವಾದಕನಲ್ಲ, ಆದರೆ ಇಂಥ ವ್ಯಾಜ್ಯಗಳ ನಿಮಿತ್ತ ರಿಪೇರಿಯವರ ಬಳಿ ಕುಳಿತು ಕೇಳಿ ತಿಳಿದುಕೊಂಡದ್ದು ಸಾಕಷ್ಟಿದೆ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯ 34 ಅಂಗುಲದ ತಂತಿಯಳತೆಯೇ ಇಂದಿಗೂ ರೂಢಿಯಲ್ಲಿದೆ. ಆ ನಾಲ್ಕು ದಪ್ಪ ತಂತಿಗಳು ಬಿಗಿಯಾದಾಗ ನೆಕ್ಕಿನ ಮೇಲೆ ಬೀಳುವ ಸೆಳೆತ ಸುಮಾರು 70ರಿಂದ 80 ಕಿಲೋ. ವರ್ಷಗಟ್ಟಲೆ ಆ ಸೆಳೆತವನ್ನು ಹೊತ್ತ ಮರ ಬಾಗುವುದು ಸಹಜ. ಅದಕ್ಕಾಗಿಯೇ ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಇಟ್ಟಿರುತ್ತಾರೆ.

ಗಿಟಾರನ್ನು ಬಂದೂಕಿನಂತೆ ಹಿಡಿದು ನೆಕ್ಕಿನ ಉದ್ದಕ್ಕೂ ಒಂದು ಕಣ್ಣಿನಿಂದ ನೋಡಬೇಕು. ಎರಡೂ ಅಂಚುಗಳು ಸಮಾನಾಂತರವಾಗಿ ಕಾಣದೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿದ್ದರೆ ಅದು ತಿರುಚು. ಅಂಥ ವಾದ್ಯವನ್ನು ಕೆಳಗಿಟ್ಟು ಹೊರಡುವುದೇ ಲೇಸು, ಏಕೆಂದರೆ ಹೊಸ ನೆಕ್ಕಿನ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ನುಂಗಿಬಿಡುತ್ತದೆ. ಬರಿಯ ಬಾಗು ಇದ್ದರೆ ಅಂಜಬೇಕಾಗಿಲ್ಲ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ ಕೊನೆಯ ಫ್ರೆಟ್ಟಿನಲ್ಲಿಯೂ ಒತ್ತಿ ಹಿಡಿದು, ನಡುವೆ ಏಳೆಂಟನೆಯ ಫ್ರೆಟ್ಟಿನ ಮೇಲಿರುವ ಸಂದನ್ನು ನೋಡಬೇಕು. ಒಂದು ವಿಸಿಟಿಂಗ್ ಕಾರ್ಡು ಹಿಡಿಸುವಷ್ಟಿದ್ದರೆ ಸರಿ. ಹೆಚ್ಚಿದ್ದರೆ ಟ್ರಸ್ ರಾಡನ್ನು ನಿಮ್ಮೆದುರಿಗೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ. "ಅದೆಲ್ಲ ಬೇಡ, ಮುರಿದೀತು" ಎಂದು ಮಾರುವವನೇ ಹಿಂಜರಿದರೆ ಅದರ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲಿ ಒತ್ತಿ ನುಡಿಸಬೇಕು. ಸವೆದ ಕಡೆ ತಂತಿ ಕರಕರ ಎನ್ನುತ್ತದೆ. ನಾಬನ್ನು ತಿರುವಿದಾಗ ಬರುವ ಗೊರಗೊರ ಸದ್ದು ಮಾತ್ರ ಬಹುಮಟ್ಟಿಗೆ ಧೂಳಿನದು. ತುಕ್ಕು ಹಿಡಿದ ತಂತಿಯೂ ದೊಡ್ಡ ದೋಷವಲ್ಲ, ಆದರೆ ಬೇಸ್ ತಂತಿಗಳ ಸೆಟ್ಟು ಸಾದಾ ಗಿಟಾರಿನ ತಂತಿಗಳಿಗಿಂತ ತುಟ್ಟಿ. ಆ ಹಣವನ್ನು ಚೌಕಾಸಿಯಲ್ಲಿ ಕಳೆಯಬಹುದು.

ಹೆಸರಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಕಲಕತ್ತೆಯ ಗಿವ್ಸನ್ ಗಿಟಾರುಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ಹೆಸರಾದವು. ಅಮೆರಿಕದ ಗಿಬ್ಸನ್ ಬೇರೆಯೇ ಕಂಪನಿ. ಬೆಲೆಯಲ್ಲಿ ಅಜಗಜಾಂತರ, ಬಾಯಿಮಾತಿನಲ್ಲಿ ಎರಡೂ ಒಂದೇ ಕೇಳಿಸುತ್ತವೆ. ಹೆಸರನ್ನೂ ಸೀರಿಯಲ್ ನಂಬರನ್ನೂ ರಶೀದಿಯಲ್ಲಿ ಅಕ್ಷರಕ್ಷರ ಬರೆಸಿಕೊಳ್ಳಬೇಕು.

ಆಂಪ್ಲಿಫೈಯರಿನಲ್ಲಿ ಮೋಸಕ್ಕೆ ಹೆಚ್ಚು ಆಸ್ಪದ ಕೊಡುವುದು ವ್ಯಾಟಿನ ಲೆಕ್ಕ. ಮುಂದಿನ ಸ್ಟಿಕರಿನಲ್ಲಿ ಪಿಎಂಪಿಒ ಎಂದು ಸಾವಿರಗಳ ಲೆಕ್ಕದಲ್ಲಿ ಬರೆದಿರುವುದುಂಟು. ಅದು ಜಾಹೀರಾತಿನ ಸಂಖ್ಯೆ. ಹಿಂಬದಿಯ ತಗಡಿನ ಮೇಲೆ ಆರ್‌ಎಂಎಸ್ ಎಂದೂ ಎಷ್ಟು ಓಮಿಗೆ ಎಂದೂ ಬರೆದಿರುವುದೇ ನಂಬತಕ್ಕದ್ದು. 4 ಓಮಿಗೆ 100 ವ್ಯಾಟು ಕೊಡುವ ಯಂತ್ರವು 8 ಓಮಿನ ಸ್ಪೀಕರಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟೀತು. ಬೇಸಿನ ಅತ್ಯಂತ ಕೆಳಗಿನ ತೆರೆದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಸಾದಾ ಗಿಟಾರಿನ ಆಂಪ್ಲಿಫೈಯರನ್ನು ಬೇಸಿಗೆಂದು ಮಾರಿದರೆ ಆ ಸ್ವರದ ಹೊಡೆತಕ್ಕೆ ಸ್ಪೀಕರಿನ ಕೋನು ಹರಿಯುವ ಭಯವಿದೆ. ಕೋನನ್ನು ಬೆರಳುಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿದಾಗ ಕೆರೆದ ಸದ್ದು ಬಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆಯೆಂದು ತಿಳಿಯಬೇಕು. ವಿದೇಶದಿಂದ ತಂದ ಯಂತ್ರವಾದರೆ 120 ವೋಲ್ಟಿನದೋ 230 ವೋಲ್ಟಿನದೋ ಎಂದು ಓದದೆ ಪ್ಲಗ್ಗಿಗೆ ಹಚ್ಚಬಾರದು. ಅರ್ಥಿಂಗ್ ಪಿನ್ನನ್ನು ಕತ್ತರಿಸಿದ ವಾಯರನ್ನು ಕಂಡರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಅದನ್ನು ಬದಲಿಸುವವರೆಗೆ ಮುಟ್ಟಬಾರದು. ಮಂಟಪದಲ್ಲಿ ಮಳೆಗಾಲದ ರಾತ್ರಿ, ಬರಿಗಾಲಲ್ಲಿ ನಿಂತು ಉಕ್ಕಿನ ತಂತಿ ಹಿಡಿದಿರುವವನು ನಮ್ಮದೇ ಮನೆಯ ಹುಡುಗ.

ಬೆಲೆ ಕಟ್ಟುವುದಕ್ಕೆ ನಾನು ಅನುಸರಿಸುವ ರೀತಿ ಸರಳವಾದುದು. ಅದೇ ಮಾದರಿಯ, ಅಥವಾ ಅದಕ್ಕೆ ಸಮನಾದ ಹೊಸ ವಾದ್ಯದ ಇಂದಿನ ಬೆಲೆಯಿಂದ ಆರಂಭಿಸಬೇಕು. ಮಾರುವವನು ಹಿಂದೆ ಎಷ್ಟಕ್ಕೆ ಕೊಂಡಿದ್ದನೆಂಬುದರಿಂದಲ್ಲ. ಹೊಸದು 20,000 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕೆಡದೆ ಇರುವ, ಎಲ್ಲರೂ ಬಳಸುವ ಸಾಮಾನ್ಯ ವಾದ್ಯಕ್ಕೆ ನಾನು ಅರ್ಧದಿಂದ ಮಾತು ತೆಗೆಯುತ್ತೇನೆ: 10,000. ತಂತಿ, ಫ್ರೆಟ್ಟು, ಸರ್ವಿಸಿಂಗಿಗೆ ರಿಪೇರಿಯವನು 2,500 ಹೇಳಿದರೆ ಉಳಿದದ್ದು 7,500. ಮಾರುವವನು "ವಿಂಟೇಜ್" ಎಂದು ರಾಗ ತೆಗೆದರೆ ಕಿವಿಗೊಡಬೇಡಿ. 1965ರ ಆರಂಭದಲ್ಲಿ ಫೆಂಡರ್ ಕಂಪನಿಯು ಸಿಬಿಎಸ್ ಸಂಸ್ಥೆಗೆ ಮಾರಾಟವಾಯಿತು. ಅದಕ್ಕೆ ಮುಂಚಿನ ಬೇಸುಗಳಿಗೆ ಪಾಶ್ಚಾತ್ಯ ಸಂಗ್ರಾಹಕರು ಅಪಾರ ಹಣ ಕೊಡುತ್ತಾರೆ, ನಿಜ. ಅಂಥದೊಂದು ಇಚಲಕರಂಜಿಯ ಗುಜರಿ ಅಂಗಡಿಯಲ್ಲಿ ನಮ್ಮ ದಾರಿ ಕಾಯುತ್ತಿರುತ್ತದೆಂದು ನಂಬುವುದು ಕಷ್ಟ.

ಆದರೆ ನಮ್ಮ ಭಾಗದಲ್ಲಿ ನಿಜವಾಗಿಯೂ ಹಳೆಯದಾದ, ನಿಜವಾಗಿಯೂ ಬೆಲೆಯುಳ್ಳ ವಾದ್ಯಗಳಿವೆ. ಅವನ್ನು ನಾವು ಮಣ್ಣಿನ ಬೆಲೆಗೆ ಕೊಡುತ್ತಿದ್ದೇವೆ. ಮಿರಜೆಯ ತಂಬೂರಿಗಳ ಮಾತು ಇದು. ಹತ್ತೊಂಬತ್ತನೆಯ ಶತಮಾನದ ನಡುವೆ, ಶಸ್ತ್ರಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಆ ಕಸುಬನ್ನು ಬಿಟ್ಟು ತಂತಿವಾದ್ಯಗಳನ್ನು ಮಾಡತೊಡಗಿದರು. ಅವರ ವಂಶಸ್ಥರು ಇಂದಿಗೂ ಅದನ್ನೇ ಮಾಡುತ್ತಿದ್ದಾರೆ. ಪಂಢರಪುರದ ಕಡೆಯಿಂದ ಬರುವ ದಪ್ಪ ಬುರುಡೆಗಳನ್ನು ಒಣಗಿಸಿ ಕೊರೆದು ಕೊಡ ಮಾಡುತ್ತಾರೆ. 2024ರಲ್ಲಿ ಮಿರಜ ಸಿತಾರಿಗೂ ಮಿರಜ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಚಲಕರಂಜಿಯ ಹೆಸರನ್ನೇ ಹೊತ್ತ ಬಾಳಕೃಷ್ಣಬುವಾ ಇಚಲಕರಂಜೀಕರರು ಗ್ವಾಲಿಯರ್ ಗಾಯನವನ್ನು ಈ ಪ್ರಾಂತಕ್ಕೆ ತಂದು, 1926ರಲ್ಲಿ ತೀರಿಕೊಳ್ಳುವವರೆಗೆ ಶಿಷ್ಯರನ್ನು ತಯಾರಿಸಿದರು. ಸಂಗೀತದ ಅಂಥ ವಾತಾವರಣವಿದ್ದ ಊರುಗಳಲ್ಲಿ ಅಟ್ಟದ ಮೇಲೊಂದು ತಂಬೂರಿ ಇರುವ ಮನೆಗಳು ಈಗಲೂ ಉಳಿದಿವೆ.

ಅಜ್ಜ ತೀರಿಕೊಂಡ ಬಳಿಕ ಮನೆ ಸ್ವಚ್ಛಗೊಳಿಸುವಾಗ ತಂಬೂರಿ ಕೆಳಗಿಳಿಯುತ್ತದೆ. ಬಾಗಿಲಿಗೆ ಬಂದ ಹಳೆಯ ಸಾಮಾನಿನವನು ತಂತಿ ಹರಿದಿದೆ, ಜವಾರಿ ಹೋಗಿದೆ, ಬುರುಡೆ ಸೀಳಿದೆ ಎಂದು ಮೂರು ದೋಷ ಎಣಿಸಿ ನೂರಿನ್ನೂರು ರೂಪಾಯಿ ಹೇಳುತ್ತಾನೆ. ತಂತಿ ಬದಲಿಸುವಂಥದೇ ಸರಿ. ಜವಾರಿಯೆಂದರೆ ಕುದುರೆಯ ಮೇಲ್ಮೈಯನ್ನು ಅರದಿಂದ ಉಜ್ಜಿ ನಾದ ತೆರೆಯುವಂತೆ ಮಾಡುವುದು; ನುಡಿಸುವ ವಾದ್ಯಕ್ಕೆ ಅದು ಆಗಾಗ ಮಾಡಿಸಲೇಬೇಕಾದ ಕೆಲಸ. ಬುರುಡೆಯ ಸೀಳನ್ನೂ ಮಿರಜೆಯ ಕುಶಲಿಗರು ಬೆಸೆಯಬಲ್ಲರು. ದಂಡಿ ಬಾಗಿದ್ದರೆ, ಹುಳ ಹಿಡಿದಿದ್ದರೆ ಮಾತ್ರ ಬೆಲೆ ನಿಜವಾಗಿ ಇಳಿಯುತ್ತದೆ. ಮಾರುವ ಮೊದಲು ಒಮ್ಮೆ ಮಿರಜೆಗೆ ಒಯ್ದು ತೋರಿಸಿರಿ. ಇಲ್ಲಿಂದ ಬಸ್ಸಿನಲ್ಲಿ ಹೋದರೂ ಅರ್ಧ ದಿನದ ಕೆಲಸ.

ಇಲ್ಲಿಯೂ ಕಾನೂನಿನ ಎರಡು ಮುಳ್ಳುಗಳಿವೆ. ಅಜ್ಜನ ತಂಬೂರಿ ಒಬ್ಬ ಮೊಮ್ಮಗನದಲ್ಲ, ವಾರಸದಾರರೆಲ್ಲರದು. ಉಳಿದವರ ಅನುಮತಿಯಿಂದ ವಸ್ತುವನ್ನು ತಾನೊಬ್ಬನೇ ಇಟ್ಟುಕೊಂಡಿದ್ದ ಸಹಮಾಲೀಕನು ಅದನ್ನು ಮಾರಿದರೆ, ಪ್ರಾಮಾಣಿಕವಾಗಿ ಕೊಂಡವನಿಗೆ 28ನೆಯ ಕಲಮು ರಕ್ಷಣೆ ಕೊಡುತ್ತದೆ. ಅಂದರೆ ವಸ್ತು ಮರಳಿ ಬಾರದೆ ಅಣ್ಣತಮ್ಮಂದಿರೊಳಗೆ ಜಗಳ ಮಾತ್ರ ಉಳಿಯುತ್ತದೆ. ಎರಡನೆಯದು ಇನ್ನೂ ಗಂಭೀರ. ಹಳೆಯ ಸಿತಾರು ತಂಬೂರಿಗಳ ಬಿಳಿಯ ಕುಸುರಿ ಆನೆದಂತದ್ದಾಗಿದ್ದರೆ, ವನ್ಯಜೀವಿ ಸಂರಕ್ಷಣಾ ಅಧಿನಿಯಮ 1972ರ ಪ್ರಕಾರ ಅದನ್ನು ಮಾರುವಂತಿಲ್ಲ. ಒಡೆತನದ ಪ್ರಮಾಣಪತ್ರ ಇದ್ದವರೂ ಮಾರುವಂತಿಲ್ಲ. ಶಿಕ್ಷೆ ಮೂರರಿಂದ ಏಳು ವರ್ಷ. ಬಹಳಷ್ಟು ಕುಸುರಿ ಎಲುಬಿನದು ಅಥವಾ ಸೆಲ್ಯುಲಾಯ್ಡಿನದು. ನೋಡಿ ಹೇಳಬಲ್ಲವರು ಮಿರಜೆಯಲ್ಲಿದ್ದಾರೆ. ಹಳೆಯ ಕುದುರೆಗಳನ್ನು ಜಿಂಕೆಯ ಕೊಂಬಿನಿಂದ ಮಾಡುತ್ತಿದ್ದುದುಂಟು. ಆ ಕೊಂಬಿನ ವ್ಯಾಪಾರವೂ ಈಗ ನಿಷಿದ್ಧ.

ಗಿಟಾರಿನ ವ್ಯವಹಾರದಲ್ಲಿ ಒಡೆತನದ ಪ್ರಶ್ನೆ ಕಳವಿನ ರೂಪದಲ್ಲಿ ಬರುತ್ತದೆ. ಕದ್ದವನಿಂದ ಕೊಂಡವನಿಗೆ ಒಡೆತನ ಸಿಗುವುದಿಲ್ಲ (ಕಲಂ 27). ಕಳವಿನದೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಮೂಲ ಬಿಲ್ಲನ್ನು ಕೇಳಿರಿ. ಬಿಲ್ಲಿಲ್ಲದಿದ್ದರೆ ಮಾರುವವನ ಗುರುತಿನ ಚೀಟಿಯ ಪ್ರತಿಯನ್ನು ರಶೀದಿಗೆ ಹಚ್ಚಿರಿ.

ಅಂಗಡಿಯಿಂದ ಕೊಂಡವರಿಗೆ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ದಾರಿಯಿದೆ. ತಂಡದಲ್ಲಿ ನುಡಿಸಿ ದುಡಿಯುವವನು ಗ್ರಾಹಕನಲ್ಲವೆಂಬ ವಾದವನ್ನು ವ್ಯಾಪಾರಿಯ ವಕೀಲರು ಮಾಡುತ್ತಾರೆ; ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ಕೊಂಡದ್ದಾದರೆ ಆ ವಾದ ನಿಲ್ಲುವುದಿಲ್ಲ. ಫಿರ್ಯಾದಿಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ನಮ್ಮವರಾದರೆ ಕೊಲ್ಹಾಪುರದಲ್ಲಿಯೇ, ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ದಾರಿ ಇಲ್ಲ, ದಿವಾಣಿ ಕೋರ್ಟೇ ಗತಿ. 8,000 ರೂಪಾಯಿಯ ಗಿಟಾರಿಗಾಗಿ ಅಲ್ಲಿಗೆ ಹೋಗಿರೆಂದು ನಾನು ಯಾರಿಗೂ ಹೇಳಲಾರೆ. ಆದುದರಿಂದ ಪರಿಚಯದವರಿಂದ ಕೊಳ್ಳುವಾಗಲೇ ಹೆಚ್ಚು ನೋಡಬೇಕು, ಹೆಚ್ಚು ಬರೆಸಬೇಕು.

ರಶೀದಿ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರಬೇಕೇ ಎಂದು ವಾಚಕರು ಕೇಳುವುದುಂಟು. ಹಾಗೆಂದು ಯಾವ ಕಾನೂನೂ ಹೇಳಿಲ್ಲ. ಕನ್ನಡದಲ್ಲಿ ಬರೆದ ರಶೀದಿ ಪೂರ್ಣ ಸಿಂಧು. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಭಾಷಾಂತರ ಜೋಡಿಸಿದರಾಯಿತು. ತನಗೆ ತಿಳಿಯದ ಭಾಷೆಯ ಅಚ್ಚಿನ ಬಿಲ್ಲಿಗೆ ಸಹಿ ಹಾಕುವುದಕ್ಕಿಂತ ತನ್ನ ಭಾಷೆಯಲ್ಲಿ ನಾಲ್ಕು ಸಾಲು ಬರೆಸಿಕೊಳ್ಳುವುದು ಎಷ್ಟೋ ಮೇಲು. ಕಂಪನಿ, ಮಾದರಿ, ನಂಬರು. ನೆಕ್ ನೇರವಾಗಿದೆ, ಟ್ರಸ್ ರಾಡ್ ತಿರುಗುತ್ತದೆ, ಆರ್‌ಎಂಎಸ್ ವ್ಯಾಟ್ ಇಷ್ಟು. ಇದು ನನ್ನ ಸ್ವಂತದ್ದು. ಇಷ್ಟು ದಿನಗಳಲ್ಲಿ ಹೇಳಿದಂತಿಲ್ಲವಾದರೆ ಮರಳಿ ಪಡೆಯುತ್ತೇನೆ. ಹಣವನ್ನು ಫೋನಿನಿಂದ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಬರಿದೆ ಬಿಡದೆ ವಾದ್ಯದ ಹೆಸರನ್ನು ಬರೆಯಿರಿ. ಮೊತ್ತ 5,000 ರೂಪಾಯಿ ಮೀರಿದರೆ ರಶೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪು ಹಚ್ಚಿ, ಮಾರುವವನ ಸಹಿ ಅದರ ಮೇಲೆಯೇ ಬೀಳುವಂತೆ ನೋಡಿಕೊಳ್ಳಿರಿ.